ಚಿಕ್ಕಮಾವನ ಬರಿಗಾಲು

ಮನೆಯಿಂದ ಯಾರೇ ದೂರ ಹೊರಟರೂ ನಮ್ಮ ಚಿಕ್ಕಮಾವ ಗೇಟಿನ ಹತ್ತಿರ ಬಂದು, ಚಪ್ಪಲಿ ಕಳಚಿ ಪಕ್ಕಕ್ಕಿಟ್ಟು, ಬರಿಗಾಲಲ್ಲಿ ನಿಲ್ಲುತ್ತಿದ್ದರು. ಕೈ ಬೀಸುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಹೋಗುವವರು ಕಣ್ಮರೆಯಾಗುವವರೆಗೂ ಕದಲುತ್ತಿರಲಿಲ್ಲ.

ಚಿಕ್ಕಮಾವ ಎಂದರೆ ನನ್ನ ಮಾವನವರ ತಮ್ಮ ಮುನಿಶಾಮಪ್ಪ. ವಿಶಾಖಪಟ್ಟಣದಲ್ಲಿ ಹಡಗು ಕಟ್ಟುವ ಕಡೆ ವೆಲ್ಡಿಂಗ್ ಕೆಲಸದಲ್ಲಿದ್ದು, ನಿವೃತ್ತರಾದ ಮೇಲೆ ಅನುಗೊಂಡನಹಳ್ಳಿಯ ನಮ್ಮ ಮನೆಗೆ ಬಂದರು. ಮದುವೆಯಾದವರಲ್ಲ. ನನ್ನ ಸಾರಿಗೆ ಹುಣಿಸೇಹಣ್ಣು ಸಾಲದು ಎಂದು ತೆಲುಗಿನಲ್ಲಿ ಗೊಣಗುತ್ತಲೇ ಇನ್ನೊಂದು ಮುದ್ದೆ ಹಾಕಿಸಿಕೊಳ್ಳುತ್ತಿದ್ದರು. ವಿಶಾಖಪಟ್ಟಣದಲ್ಲಿ ಬೆಟ್ಟವೊಂದು ಸಮುದ್ರಕ್ಕೆ ಮೂಗು ಚಾಚಿಕೊಂಡಿದೆಯಂತೆ. ಇವರು ಕಟ್ಟಿದ ಹಡಗುಗಳೆಲ್ಲ ಅದರ ಪಕ್ಕದಲ್ಲೇ ಹಾದು ಹೋದವಂತೆ. ಒಂದರಲ್ಲೂ ಇವರು ಪ್ರಯಾಣ ಮಾಡಲಿಲ್ಲ. "ನಮ್ದೇನಿದ್ರೂ ಕಳಿಸೋ ಕೆಲ್ಸ ಕಣಮ್ಮ" ಎನ್ನುತ್ತಿದ್ದರು.

ಬರಿಗಾಲಿನ ವಿಷಯ ಒಮ್ಮೆ ಕೇಳಿದೆ.

"ಹಡಗು ನೀರಿಗಿಳಿಯೋ ದಿನ ಅದರ ಮೂತಿಗೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೀತಾರೆ. ನಮ್ಮ ಗುಂಪಿನೋರೆಲ್ಲ ಬೂಟು ಬಿಚ್ಚಿ ನಿಂತ್ಕಬುಡ್ತಿದ್ವಿ. ತೇಲೋವರ್ಗೂ ಕಾಲು ಕೀಳ್ತಿರ್ಲಿಲ್ಲ."

"ತೇಲ್ದೆ ಇನ್ನೇನ್ ಮಾಡ್ತದೆ ಮಾವ?"

"ನಾವು ಕಟ್ಟಿದ್ದಾಯ್ತಲ್ಲಮ್ಮ. ಇನ್ನು ಅಮ್ಮನೋರಿಗೆ ಬಿಟ್ಟಿದ್ದು."

ಸಕ್ಕರೆ ಕಾಯಿಲೆಯಿಂದ ಅವರ ಪಾದಗಳಿಗೆ ಸ್ಪರ್ಶವೇ ಗೊತ್ತಾಗದಂತಾಯಿತು. ಮನೆಯೊಳಗೂ ಚಪ್ಪಲಿ ಬಿಡಬೇಡಿ, ಗಾಯವಾದರೆ ಕಾಲೇ ಉಳಿಯುವುದಿಲ್ಲ ಎಂದರು ಡಾಕ್ಟರು. ದೇವರ ಮನೆಯ ಮುಂದೆ ಕೂಡ ಚಪ್ಪಲಿ ಹಾಕಿಕೊಳ್ಳಲು ನಾನೇ ಹೇಳಿದೆ, ದೇವರಿಗೆ ಅರ್ಥವಾಗದೇ ಎಂದು. ಎಲ್ಲದಕ್ಕೂ ಒಪ್ಪಿದರು, ಗೇಟಿನ ಹತ್ತಿರ ಮಾತ್ರ ಒಪ್ಪಲಿಲ್ಲ.

"ಚಪ್ಪಲಿ ಹಾಕ್ಕಂಡು ನಿಂತ್ರೆ ಬಸ್ಸೇನು ಮುಳುಗೋಗ್ತದಾ ಮಾವ?" ಎಂದು ರೇಗಿದೆ.

"ಇಷ್ಟು ವರ್ಷ ಒಂದೂ ಮುಳುಗಿಲ್ಲ. ಈಗ್ಯಾಕಮ್ಮ ಪರೀಕ್ಷೆ?"

ನನ್ನ ಮಗಳು ರಮ್ಯ ಗಂಡನ ಮನೆಗೆ ಹೊರಟದ್ದು ಬೇಸಿಗೆಯ ನಡುಮಧ್ಯಾಹ್ನ. ಅಳುವುದು, ಅಪ್ಪಿಕೊಳ್ಳುವುದು ಮುಗಿಯಲೇ ಇಲ್ಲ. ಕಾದ ಸಿಮೆಂಟ್ ರಸ್ತೆಯ ಮೇಲೆ ಚಿಕ್ಕಮಾವ ಅಷ್ಟು ಹೊತ್ತೂ ನಿಂತಿದ್ದರು. ಆ ಗಲಾಟೆಯಲ್ಲಿ ಯಾರೂ ಅವರ ಕಾಲು ನೋಡಲಿಲ್ಲ. ಸಂಜೆ ನಡುಮನೆಯಲ್ಲಿ ಒದ್ದೆ ಹೆಜ್ಜೆಗಳು ಕಂಡವು. ನೀರು ಚೆಲ್ಲಿದೆಯೆಂದು ಒರೆಸಹೋದರೆ ಬಟ್ಟೆಗೆ ರಕ್ತ ಅಂಟಿತು. ಅಂಗಾಲಿನ ಬೊಬ್ಬೆಗಳೆಲ್ಲ ಒಡೆದಿದ್ದವು. ಅವರು ಹಾಯಾಗಿ ಕಾಫಿ ಕುಡಿಯುತ್ತಿದ್ದರು.

ಗಾಯ ಮಾಯಲಿಲ್ಲ. ಹೊಸಕೋಟೆಯಲ್ಲಿ ಬೆರಳು ತೆಗೆದರು. ಆಮೇಲೆ ಪಾದವನ್ನೇ ತೆಗೆಯಬೇಕೆಂದು ಬೆಂಗಳೂರಿಗೆ ಕಳಿಸಿದರು. ಆಪರೇಷನ್ನಿಗೆ ಮೊದಲೇ ನಂಜೇರಿ ಅಲ್ಲೇ ತೀರಿಕೊಂಡರು. ನೋವು ತಿಳಿಯಲಿಲ್ಲ, ಎರಡೂ ಪಾದಗಳೊಂದಿಗೆ ಹೋದರು, ರಮ್ಯ ಸುಖವಾಗಿದ್ದಾಳೆ. ದೀಪ ಹಚ್ಚುವಾಗ ಇಷ್ಟನ್ನು ನೆನೆದು ಕೈ ಮುಗಿಯುತ್ತೇನೆ.

ಬೆಂಗಳೂರಿಗೆ ಕರೆದೊಯ್ದ ದಿನವೂ ಬಿಸಿಲಿತ್ತು. ಆಂಬುಲೆನ್ಸಿನಲ್ಲಿ ಮಲಗಿದ್ದವರು ತಲೆಯೆತ್ತಿ ನನ್ನ ಕಾಲು ನೋಡಿದರು.

"ಚಪ್ಪಲಿ ಮೆಟ್ಕಳಮ್ಮ, ನೆಲ ಕಾದದೆ."

"ನೀವು ಹೋಗ್ಬನ್ನಿ ಮಾವ."

ಬಾಗಿಲು ಮುಚ್ಚಿದರು. ನೆಲ ನಿಜಕ್ಕೂ ಸುಡುತ್ತಿತ್ತು. ಗಾಡಿ ಹಾಲಿನ ಡೇರಿಯ ಹತ್ತಿರ ತಿರುಗುವವರೆಗೂ ನಾನು ಕಾಲು ಕೀಳಲಿಲ್ಲ.