ಫ್ರೆಂಚರು ಬಿಟ್ಟ ದೀರ್ಘ

ಬನಹಟ್ಟಿಯ ನಮ್ಮ ಓಣಿಯಲ್ಲಿ ಕರೆಂಟ್ ಹೋದಾಗ ಮಾತ್ರ ಫ್ರೆಂಚ್ ಕಲಿಸಬಹುದು. ಪವರ್‌ಲೂಮ್ ಬಡಿಯುವಾಗ ಸ್ವರ ಗಿಡ್ಡವೋ ಉದ್ದವೋ ಯಾವ ಕಿವಿಗೆ ತಿಳಿದೀತು? ಮಗ್ಗ ನಿಂತವೆಂದರೆ ಪಕ್ಕದ ಮನೆಯ ನೇಕಾರರ ಹುಡುಗಿ ನೋಟ್‌ಬುಕ್ ಹಿಡಿದು ಓಡಿಬರುತ್ತಿದ್ದಳು. ಆಕೆಗೆ ಫ್ರೆಂಚ್ ಪರೀಕ್ಷೆ ಪಾಸಾಗಿ ಜಮಖಂಡಿಯಲ್ಲಿ ಟೀಚರ್ ಆಗಬೇಕಿತ್ತು. ನನಗೆ ಆಕೆ ಬರಬೇಕಿತ್ತು, ಅಷ್ಟೇ. ನನಗೆ ಫ್ರೆಂಚ್ ಬರುತ್ತದೆಂದು ಆಕೆಯ ತಾಯಿಗೆ ನಾನೇ ಹೇಳಿ ಕರೆಸಿಕೊಂಡಿದ್ದೆ. ಹತ್ತೊಂಬತ್ತನೇ ವಯಸ್ಸಿಗೆ ನನ್ನನ್ನು ಬೆಳಗಾವಿಯ ಕಾನ್ವೆಂಟಿನಿಂದ ಬಿಡಿಸಿ ತಂದು ಈ ಮನೆಗೆ ಕೊಟ್ಟ ಮೇಲೆ, ನನ್ನ ಬಾಯಿಂದ ಫ್ರೆಂಚ್ ಕೇಳಿದವಳು ಆಕೆಯೇ ಮೊದಲು. ಅತ್ತೆಯವರಿಗಂತೂ ನನ್ನ ಇಂಗ್ಲಿಷೇ ಸಾಕಾಗಿತ್ತು. "ಮಡಮ್ ಬಂದಾರ ನಮ್ಮನಿಗೆ, ರೊಟ್ಟಿ ಬಡಿಯಾಕ ಬರಂಗಿಲ್ಲ" ಎನ್ನುತ್ತಿದ್ದರು.

ಕಾನ್ವೆಂಟಿನ ಸಿಸ್ಟರ್ ಕಲಿಸಿದಂತೆಯೇ ಕಲಿಸಿದೆ. ಗಿಡ್ಡ ಸ್ವರಕ್ಕೆ ಮೇಜಿನ ಮೇಲೆ ಒಂದು ಪೆಟ್ಟು, ಉದ್ದಕ್ಕೆ ಎರಡು. 'ಮೆತ್ರ್' ಅಂದರೆ ಇಡುವುದು, 'ಮೇತ್ರ್' ಅಂದರೆ ಗುರು. ಹಳೆಯ ಫ್ರೆಂಚಿನಲ್ಲಿ ಈ ಗುರುವಿನ ಶಬ್ದದೊಳಗೆ ಒಂದು 'ಸ' ಇತ್ತು. ಶತಮಾನಗಳ ಹಿಂದೆ ಅದು ಜನರ ಬಾಯಿಂದ ಉದುರಿತು. ಖಾಲಿಯಾದ ಜಾಗ ತುಂಬಲು ಅದರ ಹಿಂದಿನ ಸ್ವರ ಉದ್ದವಾಯಿತು.

"ನಮ್ಮ ಮಾಸ್ತರೊಳಗ ಸ ಇನ್ನೂ ಐತಲ್ರಿ ಆಯಿ," ಅಂದಳು ಹುಡುಗಿ.

"ಹೌದಲ್ಲ, ಎರಡೂ ಒಂದ ಬಳಗದ್ದು."

"ನಮ್ಮ ಮಾಸ್ತರ ಏನೂ ಬಿಡಂಗಿಲ್ಲ ಬಿಡ್ರಿ. ರವಿವಾರದ ಕ್ಲಾಸ್ ಸೈತ."

ಕನ್ನಡದ ಕಿವಿ, ಹ್ರಸ್ವ ದೀರ್ಘ ಹುಟ್ಟಿನಿಂದ ಬಂದದ್ದು. ಎರಡೇ ದಿನಕ್ಕೆ ಪರ್ಫೆಕ್ಟ್.

ಆಮೇಲೆ ಆನ್‌ಲೈನ್ ಕ್ಲಾಸಿನ ಪ್ಯಾರಿಸ್ ಟೀಚರಿಗೆ ತನ್ನ ಓದನ್ನು ರೆಕಾರ್ಡ್ ಮಾಡಿ ಕಳಿಸಿದಳು. ಬಂದ ಉತ್ತರವನ್ನು ನನ್ನೆದುರೇ ಫೋನಿನಲ್ಲಿ ಹಚ್ಚಿದಳು. ಎಳೆಯ ದನಿ, ವೆರಿ ಪೊಲೈಟ್. ನಿನಗೆ ಕಲಿಸಿದವರು ಬಹಳ ಹಳಬರಿರಬೇಕು, ನಮ್ಮಲ್ಲಿ ಈಗ ಹೀಗೆ ಎಳೆಯುವವರು ಅಪರೂಪ, ಎರಡು ಶಬ್ದವೂ ಒಂದೇ ತರಹ, ಗಿಡ್ಡ. ಕೊನೆಗೆ ಸಣ್ಣದೊಂದು ನಗು.

ನಮ್ಮ ಸಿಸ್ಟರ್ ಫ್ರಾನ್ಸ್ ಕಂಡವರೇ ಅಲ್ಲ. ಅವರಿಗೆ ಕಲಿಸಿದ ಮದರ್ ಯಾವ ಕಾಲದಲ್ಲೋ ಅಲ್ಲಿಂದ ಹಡಗು ಹತ್ತಿ ಬಂದವರು. ಆ ದೀರ್ಘ ತಪ್ಪಿದ್ದಕ್ಕೆ ನಾನು ಬೆಂಚಿನ ಮೇಲೆ ನಿಂತಿದ್ದೇನೆ. ಕನ್ನಡ ಮಾತಾಡಿದ್ದಕ್ಕೂ ನಿಂತಿದ್ದೇನೆ. ಒಲೆಯ ಮುಂದೆ, ಬಾಣಂತನದಲ್ಲಿ, ಬಾಯೊಳಗೇ ಅಂದುಕೊಂಡು ಅದನ್ನು ಕಾಪಾಡಿದೆ. ಫ್ರೆಂಚರೇ ಅದನ್ನು ಆರಾಮಾಗಿ ಬಿಟ್ಟುಬಿಟ್ಟರು.

ಮರುದಿನ ಕರೆಂಟ್ ಹೋದಾಗ ಹುಡುಗಿ ಬಂದಳು.

"ಆಯಿ, ನೀವೂ ಗಿಡ್ಡ ಮಾಡಿ ಅನ್ರಿ. ನಾ ತಿದ್ದತೇನಿ."

ಅಂದೆ. ನಾಲಿಗೆ ಎಳೆದೇ ಎಳೆಯಿತು. ನಾಲ್ಕನೆಯ ಸಲ ಆಕೆ ನಗು ತಡೆಯಲು ತುಟಿ ಕಚ್ಚಿದ್ದನ್ನು ಕಂಡೆ.

"ನಾಳಿಂದ ಬರಬ್ಯಾಡ ಬೇ."

"ಸಿಟ್ಟಾದ್ರೇನ್ರಿ?"

"ಸಿಟ್ಟ್ಯಾಕ? ನನ್ನ ಕೂಡ ಕುಂತರ ನಿನ್ನ ಪರೀಕ್ಷಾ ಕೆಡತೈತಿ."

ಅದು ಖರೆಯೇ, ಆದರೆ ಅರ್ಧ. ಉಳಿದರ್ಧವನ್ನು ಆಕೆ ಕೇಳಲಿಲ್ಲ. "ಪರೀಕ್ಷಾ ಆದ ಮ್ಯಾಲೆ ಬರತೇನ್ರಿ" ಎಂದು ನೋಟ್‌ಬುಕ್ ಎತ್ತಿಕೊಂಡಳು.

ಪರೀಕ್ಷೆ ಮುಗಿದು ಎರಡು ತಿಂಗಳಾಯಿತು. ಛಲೋ ಮಾರ್ಕ್ಸ್ ಬಂದಿವೆಯಂತೆ. ಹಾಲು ಹಾಕುವಾಕೆ ಹೇಳಿದಳು.