ಒಂಬತ್ತು ಲೋಟಗಳ ನೀಲಿ ಅಂಚು

ನನ್ನ ಅಂಗಡಿಯ ಬಾಗಿಲ ಮೇಲೆ ‘ನಿಮ್ಮ ಪಾತ್ರೆಗೆ ನೀವೇ ಬಣ್ಣ ಹಚ್ಚಿ, ಮನಸ್ಸು ಹಗುರ ಮಾಡಿಕೊಳ್ಳಿ’ ಎಂದು ಬರೆದಿದೆ. ಬರೆಸಿದವಳು ನಾನೇ. ಬಂದವರ ಮನಸ್ಸು ಹಗುರವಾಗುವುದು ನಿಜ. ಬಿಳಿ ತಟ್ಟೆಗೋ ಲೋಟಕ್ಕೋ ಹೂವು, ಚುಕ್ಕಿ, ಮೀನು ಬರೆದು, ಕೈ ತೊಳೆದುಕೊಂಡು ನಗುನಗುತ್ತಾ ಹೋಗುತ್ತಾರೆ. ಆಮೇಲೆ ಅದನ್ನು ಹೊಳಪಿನ ನೀರಿನಲ್ಲಿ ಅದ್ದಿ, ಹಿಂದಿನ ಕೋಣೆಯ ಕರೆಂಟಿನ ಗೂಡಿನಲ್ಲಿ ಸುಟ್ಟು, ಒಡೆಯದ ಹಾಗೆ ಹೊರಗೆ ತೆಗೆಯಬೇಕಾದವಳು ನಾನು. ಹನ್ನೊಂದು ವರ್ಷವಾಯಿತು, ಗೂಡಿನ ಮುಚ್ಚಳ ಎತ್ತುವಾಗ ಇವತ್ತಿಗೂ ನನ್ನ ಎದೆ ಡವಡವ ಎನ್ನುತ್ತದೆ.

ಒಮ್ಮೆ ಅವಸರಪಟ್ಟಿದ್ದೆ. ಒಂದು ಶಾಲೆಯ ಮಕ್ಕಳು ಬಣ್ಣ ಹಚ್ಚಿದ ಇಪ್ಪತ್ತೆರಡು ತಟ್ಟೆಗಳು ಒಳಗಿದ್ದವು. ಬಿಸಿ ಪೂರ್ತಿ ಇಳಿಯುವ ಮೊದಲೇ ಮುಚ್ಚಳ ತೆಗೆದೆ. ತಣ್ಣನೆಯ ಗಾಳಿ ತಾಗಿದ್ದೇ ತಡ, ಒಂದೊಂದೇ ತಟ್ಟೆ ಟಿಣ್, ಟಿಣ್ ಎಂದು ಸೀಳಿತು. ಮಕ್ಕಳ ಮುಂದೆ ನಿಂತು ಏನು ಹೇಳಿದೆನೋ ದೇವರೇ ಬಲ್ಲ. ಅಂದಿನಿಂದ ಒಂದು ಪೂರ್ತಿ ದಿನ ಕಳೆದು, ಮುಚ್ಚಳದ ಮೇಲೆ ಅಂಗೈ ಇಟ್ಟು, ತಣ್ಣಗಿದೆ ಎಂದು ಖಾತ್ರಿಯಾಗುವವರೆಗೆ ಯಾರು ಬಂದು ಕಾಲಿಗೆ ಬಿದ್ದರೂ ನಾನು ತೆಗೆಯುವುದಿಲ್ಲ. ಪುಕ್ಕಲಿ ಅನ್ನಿ, ನನಗೇನೂ ಬೇಜಾರಿಲ್ಲ. ಆದರೆ ಇದು ನನ್ನ ಪುಕ್ಕಲುತನದ ಕಥೆಯಲ್ಲ, ನನ್ನನ್ನೂ ಮೀರಿಸಿದ ಒಬ್ಬರದು.

ನಮ್ಮ ಬೀದಿಯ ತುದಿಯಲ್ಲಿ ಗುದ್ದಿಸಿಕೊಂಡ ಕಾರುಗಳನ್ನು ರಿಪೇರಿ ಮಾಡುವ ಗ್ಯಾರೇಜು ಇದೆ. ಅಲ್ಲಿ ಬಣ್ಣ ಹೊಡೆಯುವವರನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಾರೆ. ಅರವತ್ತೊಂದು ವರ್ಷ, ಗಿಡ್ಡ ಆಳು, ಉಗುರಿನ ಸಂದಿಯಲ್ಲಿ ಯಾವಾಗಲೂ ಹೋದ ವಾರದ ಬಣ್ಣ. ಕಾರಿನ ಒಂದು ಬಾಗಿಲು ಹೊಸದಾಗಿ ಹಾಕಿದರೆ ಉಳಿದ ಮೈಯ ಬಣ್ಣಕ್ಕೆ ಅದನ್ನು ಹೊಂದಿಸುವುದು ಅವರ ಕೆಲಸ. ಬಿಸಿಲಿಗೆ ಮಾಸಿದ ಕಾರಿನ ಬಣ್ಣ ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ. ಮೇಸ್ತ್ರಿ ಕಾರಿನ ಸುತ್ತ ಒಂದು ಸುತ್ತು ಹೊಡೆದು, ಕಣ್ಣಳತೆಯಲ್ಲೇ ಬೆರೆಸುತ್ತಿದ್ದರು. ಹೊಸ ಬಾಗಿಲು ಯಾವುದು, ಹಳೆಯದು ಯಾವುದು ಎಂದು ಕಾರಿನ ಮಾಲೀಕನೇ ತಡಕಾಡಬೇಕಿತ್ತು. ಮೂವತ್ತನಾಲ್ಕು ವರ್ಷ ಅವರ ಮನೆಯ ಒಲೆ ಉರಿದದ್ದು ಆ ಎರಡು ಕಣ್ಣುಗಳಿಂದ.

ಅವರನ್ನು ನನ್ನ ಅಂಗಡಿಗೆ ಎಳೆದುಕೊಂಡು ಬಂದದ್ದು ಅವರ ಹೆಂಡತಿ. ಅದೇ ಗ್ಯಾರೇಜಿಗೆ ಸೀಟಿನ ಕವರು ಹೊಲಿಯುವವರು; ನಾನು ಅಕ್ಕ ಎನ್ನುತ್ತೇನೆ.

“ನೋಡಮ್ಮ, ಇವ್ರು ಮನೇಲಿ ಗೋಡೆ ನೋಡ್ಕೊಂಡು ಕೂತಿರ್ತಾರೆ. ಊಟ ಸೇರಲ್ಲ, ನಿದ್ದೆ ಇಲ್ಲ. ಏನಾಯ್ತು ಅಂದ್ರೆ ಏನಿಲ್ಲ ಅಂತಾರೆ. ತಿಂಗಳ ಕೊನೇ ಗುರುವಾರ ಗ್ಯಾರೇಜಿಗೆ ರಜೆ. ಅವತ್ತಾದ್ರೂ ಇಲ್ಲಿ ಕೂತು ಏನಾದ್ರೂ ಗೀಚ್ಲಿ” ಎಂದರು.

“ಮೂವತ್ತನಾಲ್ಕು ವರ್ಷ ಬಣ್ಣ ಬಳಿದೋರಿಗೆ ರಜೆ ದಿನವೂ ಬಣ್ಣಾನಾ ಅಕ್ಕ?” ಎಂದು ನಾನು ನಕ್ಕೆ. ಮೇಸ್ತ್ರಿ ನಗಲಿಲ್ಲ. ಸಾಲಿನಲ್ಲಿದ್ದ ಎಲ್ಲಕ್ಕಿಂತ ಸಣ್ಣ ಬಿಳಿ ಲೋಟವನ್ನು ಎತ್ತಿಕೊಂಡು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರು.

ಎಲ್ಲರಿಗೂ ಹೇಳುವಂತೆ ಅವರಿಗೂ ಇಪ್ಪತ್ತೆರಡು ತಟ್ಟೆಯ ಕಥೆ ಹೇಳಿ, ಆಮೇಲೆ ನಮ್ಮ ಬಣ್ಣಗಳ ಗುಟ್ಟು ಹೇಳಿದೆ. ಇಲ್ಲಿ ಬಾಟಲಿಯಲ್ಲಿ ಕಾಣುವುದು ಒಂದು, ಸುಟ್ಟಮೇಲೆ ಬರುವುದು ಇನ್ನೊಂದು. ಆಕಾಶದ ನೀಲಿ ಹಚ್ಚುವಾಗ ಬೂದಿ ಕಲಸಿದ ನೀರಿನಂತೆ ಇರುತ್ತದೆ, ಬೆಂಕಿ ಕಂಡಮೇಲೆ ನೀಲಿಯಾಗುತ್ತದೆ. ಅದಕ್ಕೇ ಗೋಡೆಯ ಮೇಲೆ ಸುಟ್ಟ ಬಿಲ್ಲೆಗಳನ್ನು ನಂಬರು ಹಾಕಿ ತೂಗುಹಾಕಿದ್ದೇನೆ. ನಂಬರು ನೋಡಿ ಆರಿಸಿ, ಎಣಿಸಿ ಎರಡೇ ಕೈ ಹಚ್ಚಿ, ಸಾಕು ಎಂದೆ.

ಮೇಸ್ತ್ರಿಯ ಮುಖ ಒಮ್ಮೆಲೇ ಬದಲಾಯಿತು.

“ಅಂದ್ರೆ ಹಚ್ಚುವಾಗ ನಿಜವಾದ ಬಣ್ಣ ಯಾರಿಗೂ ಕಾಣಲ್ವಾ?”

“ಯಾರಿಗೂ ಕಾಣಲ್ಲ ಮೇಸ್ತ್ರಿ. ಎಷ್ಟು ದೊಡ್ಡ ಕಲಾವಿದ ಬಂದ್ರೂ ಅಷ್ಟೇ.”

ಅವರು ದೀರ್ಘವಾಗಿ ಉಸಿರು ಬಿಟ್ಟರು. ಕಸುಬಿನವರಿಗೆ ಇನ್ನೊಂದು ಕಸುಬಿನ ಮಾತು ಕೇಳಿ ಖುಷಿಯಾಗಿರಬೇಕು ಎಂದುಕೊಂಡೆ ನಾನು, ಬೆಪ್ಪುತಕ್ಕಡಿ. ಅವರು ಲೋಟದ ಬಾಯಿಯ ಸುತ್ತ ಆಕಾಶದ ನೀಲಿಯ ಒಂದು ಬೆರಳಗಲ ಅಂಚು ಎಳೆದರು. ಹೂವಿಲ್ಲ, ಚುಕ್ಕಿಯಿಲ್ಲ. ಒಂದು ಗಂಟೆ ಅಷ್ಟೇ ಕೆಲಸ ಮಾಡಿ, ನನಗೆ ಕೈ ಮುಗಿದು ಹೋದರು.

ಹಾಗೆ ಒಂಬತ್ತು ತಿಂಗಳು. ಅದೇ ಕುರ್ಚಿ, ಅದೇ ಸಣ್ಣ ಲೋಟ, ಅದೇ ನೀಲಿ ಅಂಚು. ಸುಟ್ಟು ತೆಗೆದ ಲೋಟವನ್ನು ಕೊಡಹೋದರೆ ನೋಡುತ್ತಲೇ ಇರಲಿಲ್ಲ. “ಇಲ್ಲೇ ಇರ್ಲಿ ಬಿಡು ತಾಯಿ” ಎನ್ನುತ್ತಿದ್ದರು. ನಾನೂ ಕಾಗದ ಸುತ್ತಿ ಮೇಲಿನ ಹಲಗೆಗೆ ಎಸೆಯುತ್ತಿದ್ದೆ. ಎಸೆಯುತ್ತಿದ್ದೆ ಎಂದರೆ ನಿಜವಾಗಿ ಎಸೆಯುತ್ತಿರಲಿಲ್ಲ, ಬೈದುಕೊಂಡು ಇಡುತ್ತಿದ್ದೆ. ಇರುವುದೇ ಗೇಣಗಲ ಜಾಗ.

ಆಮೇಲೆ ನನ್ನ ಸ್ಕೂಟರು ಗೇಟಿಗೆ ಗುದ್ದಿತು. ತಿಳಿ ನೀಲಿ ಸ್ಕೂಟರು. ಮುಂದಿನ ಮಡ್‌ಗಾರ್ಡ್ ನೆಗ್ಗಿಹೋಯಿತು. ಮೇಸ್ತ್ರಿ ಇರುವಾಗ ನನಗೇನು ಚಿಂತೆ ಎಂದು ಗ್ಯಾರೇಜಿಗೆ ಬಿಟ್ಟು ಬಂದೆ. ಎರಡು ದಿನ ಬಿಟ್ಟು ತರಲು ಹೋದರೆ ಮಡ್‌ಗಾರ್ಡ್ ಮಸಿ ಕುಡಿದ ಹಾಗೆ ಕಡುನೀಲಿ. ಕೋಪ ಮೊದಲೇ ನನ್ನ ಮೂಗಿನ ತುದಿಯಲ್ಲಿರುತ್ತದೆ.

“ಏನ್ ಮೇಸ್ತ್ರಿ ಇದು? ನನ್ನ ಗಾಡಿಗೆ ಬೇರೆಯವರ ಮೂಗು ಅಂಟಿಸಿದೀರಲ್ಲ!” ಎಂದು ಎಲ್ಲರೆದುರು ಕೂಗಿದೆ.

ಮೇಸ್ತ್ರಿ ಬಂದರು. ಬಗ್ಗಿ ನೋಡಿದರು. ಪಕ್ಕಕ್ಕೆ ಸರಿದು, ತಲೆ ವಾಲಿಸಿ ನೋಡಿದರು. “ಸರಿಯಾಗೇ ಇದೆಯಲ್ಲ ತಾಯಿ” ಎಂದರು. ದನಿಯಲ್ಲಿ ತಮಾಷೆ ಇರಲಿಲ್ಲ, ಜಗಳವೂ ಇರಲಿಲ್ಲ. ನಾನು ಹೌದು ಎನ್ನಲಿ ಎಂದು ಬೇಡುವಂತೆ ನನ್ನ ಬಾಯಿಯನ್ನೇ ನೋಡುತ್ತಿದ್ದರು.

ಗಾಡಿ ತಳ್ಳಿಕೊಂಡು ಬಂದುಬಿಟ್ಟೆ.

ಅಂಗಡಿಗೆ ಬಂದವಳೇ ಸ್ಟೂಲು ಹತ್ತಿ ಒಂಬತ್ತೂ ಲೋಟ ಇಳಿಸಿದೆ. ಪ್ರತಿ ಪಾತ್ರೆಯ ತಳದಲ್ಲಿ ನಾನು ತಿಂಗಳು ಬರೆದಿರುತ್ತೇನೆ. ಅದರಂತೆ ಸಾಲಾಗಿ ಇಟ್ಟೆ. ಮೊದಲನೆಯದರ ಅಂಚು ತಿಳಿಯಾದ ಆಕಾಶ. ಮೂರನೆಯದು ಸ್ವಲ್ಪ ಗಾಢ. ಆರನೆಯದು ಇನ್ನೂ. ಒಂಬತ್ತನೆಯದರಲ್ಲಿ ಬಣ್ಣ ದಪ್ಪನೆ ಕೂತು, ಹತ್ತಿರ ಹಿಡಿದರೆ ಮಾತ್ರ ನೀಲಿ, ಇಲ್ಲದಿದ್ದರೆ ಕಪ್ಪು. ಬಿಳಿಯ ಮೇಲೆ ಬೂದಿಬಣ್ಣದ ಗೆರೆ ತನ್ನ ಕಣ್ಣಿಗೆ ಕಾಣುವವರೆಗೆ ಆ ಮನುಷ್ಯ ಬಳಿದಿದ್ದಾರೆ. ಮೊದಲು ಎರಡು ಕೈ ಸಾಕಾಗಿತ್ತು, ಆಮೇಲೆ ನಾಲ್ಕು, ಆಮೇಲೆ ಎಷ್ಟೋ. ನನ್ನ ಕಣ್ಣೆದುರೇ ಕೂತು ಒಬ್ಬರು ಒಂಬತ್ತು ತಿಂಗಳು ಕುರುಡಾಗುತ್ತಾ ಬಂದಿದ್ದಾರೆ, ನಾನು ಹಲಗೆಯ ಜಾಗಕ್ಕೆ ಗೊಣಗುತ್ತಿದ್ದೆ.

ಹೇಳಿದರೆ ಅವರ ಕಸುಬು ಹೋಗುತ್ತದೆ. ಹೇಳದಿದ್ದರೆ ಕಣ್ಣು ಹೋಗುತ್ತದೆ. ತಿಂಗಳ ಕೊನೆಯ ಗುರುವಾರ ಬರುವವರೆಗೆ ದಿನವೂ ಆ ಲೋಟಗಳನ್ನು ಸಾಲಿಗಿಟ್ಟು ನೋಡಿದೆ.

ಅವತ್ತು ಅವರು ಬಂದಾಗ ಲೋಟಗಳ ಸಾಲು ಮೇಜಿನ ಮೇಲೇ ಇತ್ತು. ಮೇಸ್ತ್ರಿ ನಿಂತಲ್ಲೇ ನಿಂತರು. ಹತ್ತಿರ ಬಂದು ಮೊದಲನೆಯದನ್ನೂ ಕೊನೆಯದನ್ನೂ ಬೆರಳಿನಿಂದ ಸವರಿದರು. ಕೊನೆಯದರ ಅಂಚು ಉಬ್ಬಿದ್ದು ಬೆರಳಿಗೆ ಸಿಕ್ಕಿರಬೇಕು.

“ಗೊತ್ತಿತ್ತು” ಎಂದರು. “ಅದಕ್ಕೇ ನೋಡ್ತಿರ್ಲಿಲ್ಲ.”

ಕೂತರು. ಆಮೇಲೆ ಒಂದೊಂದಾಗಿ ಹೊರಬಂತು. ವರ್ಷದ ಹಿಂದೆಯೇ ಯಾರಿಗೂ ಹೇಳದೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರಂತೆ. ಎರಡೂ ಕಣ್ಣಿಗೆ ಪೊರೆ, ಬಲಗಣ್ಣಿನದು ಜಾಸ್ತಿ, ಬಲಿಯಲು ಬಿಟ್ಟರೆ ತೆಗೆಯುವುದು ಕಷ್ಟ, ಬೇಗ ಆಪರೇಷನ್ ಮಾಡಿಸಿ ಎಂದಿದ್ದರು. ಚೀಟಿಯನ್ನು ಮೇಸ್ತ್ರಿ ಸಾಮಾನಿನ ಪೆಟ್ಟಿಗೆಯ ತಳಕ್ಕೆ ತುರುಕಿದ್ದರು.

“ಎಲ್ಲರೂ ಮಾಡಿಸ್ಕೊಳ್ತಾರೆ ಮೇಸ್ತ್ರಿ. ಅರ್ಧ ಗಂಟೆ ಕೆಲಸ.”

“ನಮ್ಮಣ್ಣನಿಗೂ ಹಂಗೇ ಅಂದಿದ್ರು. ಕೈ ಹಿಡ್ಕೊಂಡು ಕರ್ಕೊಂಡು ಹೋಗಿದ್ದು ನಾನೇ. ಬ್ಯಾಂಡೇಜು ಬಿಚ್ಚಿದ್ರು, ಕೀವು. ಒಂದು ವಾರಕ್ಕೆ ಆ ಕಣ್ಣೇ ಇಲ್ಲ. ಸಾಯೋವರೆಗೂ ಅವನು ನನ್ನ ಒಂದು ಮಾತೂ ಬೈಲಿಲ್ಲ ತಾಯಿ, ಅದೇ ಕಷ್ಟ.” ಅವರು ಸಾಲನ್ನು ಪಕ್ಕಕ್ಕೆ ತಳ್ಳಿದರು, ಲೋಟ ಲೋಟಕ್ಕೆ ತಾಗಿ ಕಿಣಿಕಿಣಿ ಎಂದಿತು. “ಮಬ್ಬೋ ಗಿಬ್ಬೋ, ಈಗ ಇಷ್ಟಾದ್ರೂ ಕಾಣುತ್ತೆ. ಅದೂ ಹೋದ್ರೆ ನಾನ್ಯಾರು?”

ನಾನು ಸುಮ್ಮನಿರುವ ಜಾತಿಯಲ್ಲ. ಅವತ್ತೇ ಅಕ್ಕನಿಗೆ ಎಲ್ಲ ಹೇಳಿದೆ. ಅಕ್ಕ ಅತ್ತರು, ಆಮೇಲೆ ಗಂಡನಿಗೆ ಸಹಸ್ರನಾಮ ಮಾಡಿದರು. ನಾವಿಬ್ಬರೂ ಸೇರಿ ಹದಿನೈದು ದಿನ ಅವರ ತಲೆ ತಿಂದು ಒಪ್ಪಿಸಿದೆವು. ಒಪ್ಪಿದ ಗಳಿಗೆಯಿಂದ ಭಯ ನನ್ನ ಹೆಗಲಿಗೇರಿತು. ಅಣ್ಣನನ್ನು ಕರೆದುಕೊಂಡು ಹೋದದ್ದು ಅವರಾದರೆ, ಅವರನ್ನು ತಳ್ಳಿಕೊಂಡು ಹೋಗುತ್ತಿರುವುದು ನಾನು.

ಆಪರೇಷನ್ ಕೋಣೆಯ ಹೊರಗೆ ನಾನೂ ಅಕ್ಕನೂ ಕೂತೆವು. ಅಕ್ಕ ಸೆರಗಿನ ತುದಿಯನ್ನು ಬಿಚ್ಚಿ ಬಿಚ್ಚಿ ಗಂಟು ಹಾಕುತ್ತಿದ್ದರು. ಬಾಗಿಲು ಕಿರ್ ಎಂದಾಗಲೆಲ್ಲ ಇಬ್ಬರೂ ಎದ್ದು ನಿಲ್ಲುತ್ತಿದ್ದೆವು. ಕೊನೆಗೆ ಬಲಗಣ್ಣಿಗೆ ಬಿಳಿ ಬ್ಯಾಂಡೇಜು ಅಂಟಿಸಿಕೊಂಡು ಮೇಸ್ತ್ರಿ ಗಾಲಿಕುರ್ಚಿಯಲ್ಲಿ ಹೊರಬಂದರು. ನಾಳೆ ಬೆಳಿಗ್ಗೆ ಬಿಚ್ಚುತ್ತೇವೆ ಎಂದರು ಡಾಕ್ಟರು.

ಮರುದಿನ ಬೆಳಿಗ್ಗೆ ನರ್ಸ್ ಕೈ ಚಾಚಿದಳೋ ಇಲ್ಲವೋ, ಮೇಸ್ತ್ರಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

“ಮುಟ್ಬೇಡಿ! ಇನ್ನೂ ಒಂದು ದಿನ ಪೂರ್ತಿ ಆಗಿಲ್ಲ. ಬೇಗ ತೆಗೆದ್ರೆ ಗಾಳಿ ತಾಗಿ ಸೀಳುತ್ತೆ!”

ಡಾಕ್ಟರು ಬಂದರು. ತಿಳಿಹೇಳಿದರು, ಆಮೇಲೆ ಗದರಿದರು. ಮೇಸ್ತ್ರಿ ಜಗ್ಗಲಿಲ್ಲ. ನನ್ನ ಕಡೆ ಬೆರಳು ತೋರಿಸಿ, “ಅವಳನ್ನ ಕೇಳಿ. ಇಪ್ಪತ್ತೆರಡು ತಟ್ಟೆ ಹೋಗಿದೆ ಅವಳ್ದು” ಎಂದರು. ಡಾಕ್ಟರು ನನ್ನನ್ನು ನೋಡಿದ ನೋಟಕ್ಕೆ ನೆಲ ಬಾಯಿಬಿಟ್ಟರೆ ಸಾಕಪ್ಪಾ ಎನಿಸಿತು.

ಗೂಡು ಬೇರೆ, ಕಣ್ಣು ಬೇರೆ ಎಂದು ಹೇಳಬಹುದಿತ್ತು. ಹೇಳಿದರೆ ಅವರು ಕೇಳುತ್ತಿರಲಿಲ್ಲ. ಹತ್ತಿರ ಹೋಗಿ, ಅವರ ಕೈಗಳನ್ನು ಮೆಲ್ಲಗೆ ಸರಿಸಿ, ಹಣೆಯ ಮೇಲೆ ಅಂಗೈ ಇಟ್ಟೆ. ಗೂಡಿನ ಮುಚ್ಚಳದ ಮೇಲೆ ಇಡುವಷ್ಟೇ ಹೊತ್ತು ಇಟ್ಟೆ. ಬೆವತು ಒದ್ದೆಯಾಗಿತ್ತು.

“ತಣ್ಣಗಿದೆ ಮೇಸ್ತ್ರಿ” ಎಂದೆ. “ತೆಗೀಬಹುದು.”

ಅವರು ಕೈ ಬಿಟ್ಟರು. ನರ್ಸ್ ಬ್ಯಾಂಡೇಜು ಬಿಚ್ಚುವಾಗ ಟಿಣ್ ಎನ್ನುವ ಆ ಸದ್ದು ನನ್ನ ಕಿವಿಯಲ್ಲಿ ಕೇಳಿಸಿತು, ಸುಳ್ಳಲ್ಲ. ಕೆಂಪಗಿದ್ದ ಕಣ್ಣಿನಿಂದ ನೀರು ಸುರಿಯಿತು. ಏನು ಕಾಣುತ್ತದೆ ಎಂದು ಡಾಕ್ಟರು ಕೇಳಿದರೆ “ಬರೀ ಮಂಜು” ಎಂದರು ಮೇಸ್ತ್ರಿ. ಸ್ವಲ್ಪ ಹೊತ್ತಿಗೆ ತಿಳಿಯಾಗುತ್ತದೆ ಎಂದು ಡಾಕ್ಟರು ಕಪ್ಪು ಕನ್ನಡಕ ಹಾಕಿ ಕಳಿಸಿದರು. ಸ್ವಲ್ಪ ಹೊತ್ತು ಎಂದರೆ ಎಷ್ಟು ಹೊತ್ತು ಎಂದು ಕೇಳುವ ಧೈರ್ಯ ಮೂವರಿಗೂ ಬರಲಿಲ್ಲ. ಮೆಟ್ಟಿಲು ಇಳಿಯುವಾಗ ಅಕ್ಕ ಅವರ ಒಂದು ತೋಳು ಹಿಡಿದಿದ್ದರು, ನಾನು ಇನ್ನೊಂದು.

ಹೊರಗೆ ಬಿಸಿಲಿತ್ತು. ಗೋಡೆಯ ಪಕ್ಕ ನಿಲ್ಲಿಸಿದ್ದ ನನ್ನ ಸ್ಕೂಟರಿನ ಎದುರು ಮೇಸ್ತ್ರಿ ತಟ್ಟನೆ ನಿಂತರು. ಕನ್ನಡಕವನ್ನು ಹಣೆಗೆ ಏರಿಸಿದರು. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಬಗ್ಗಿ ನೋಡಿದರು. ಮುಖ ಸಿಡುಕಾಯಿತು.

“ಥೂ, ಯಾವ ಅಡ್ನಾಡಿ ಹೊಡ್ದಿದ್ದು ಈ ಬಣ್ಣಾನ? ತಿಳಿ ನೀಲಿ ಗಾಡಿಗೆ ಮಸಿ ಬಳಿದಿದಾನಲ್ಲ! ಕಣ್ಣು ಕಾಣಲ್ವಾ ಅವನಿಗೆ?”

ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮೇಸ್ತ್ರಿ ನಮ್ಮ ಮುಖ ನೋಡಿದರು, ಮತ್ತೆ ಮಡ್‌ಗಾರ್ಡ್ ನೋಡಿದರು. ಅದರ ಮೇಲೆ ನಿಧಾನವಾಗಿ ಕೈ ಇಟ್ಟರು.

“ನಾನಾ?” ಎಂದರು.

ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. ಎದುರಿನ ರಸ್ತೆಯಲ್ಲಿ ಕಾರುಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಮೇಸ್ತ್ರಿ ಹೊಸ ಕಣ್ಣು ಅಗಲಿಸಿಕೊಂಡು, ಒಂದೊಂದು ಕಾರಿನ ಒಂದೊಂದು ಬಾಗಿಲನ್ನೂ ಹೆದರಿ ಹೆದರಿ ನೋಡತೊಡಗಿದರು.