ಮಣ್ಣಿಗೆ ಹೆಪ್ಪು

ಬಿಳಿಚೋಡಿನ ಹಕೀಮರ ಅಕ್ಕ ಊರಿಗೆಲ್ಲ ಆಪಾ. ಹೊಲಕ್ಕೆ ಬರಿಗಾಲಲ್ಲೇ ಇಳಿಯುವರು. ಮಣ್ಣನ್ನು ಹಿಡಿದು ಮೂಸಿ "ಜೀವ ಐತೆ" ಎನ್ನುವರು, ಇಲ್ಲದಿದ್ದರೆ ಬೇಡವೆಂದು ತಲೆ ಅಲ್ಲಾಡಿಸುವರು.

ಯುದ್ಧದ ಕಾಲ, ಪೇಟೆಯಿಂದ ಔಷಧಿಯಾಗಲಿ ಬೀಜವಾಗಲಿ ಬರುತ್ತಿರಲಿಲ್ಲ. ತಮ್ಮನ ಔಷಧಿಗೆಂದು ಹೊಸ ಹೊಲದಲ್ಲಿ ಅವರು ಬಿತ್ತಿದ್ದ ಅಶ್ವಗಂಧ ಹಳದಿಗಟ್ಟಿತು. ಮನೆಯಲ್ಲಿ ಬೇರೆ ಬೀಜ ಉಳಿದಿರಲಿಲ್ಲ. ಆಪಾ ಹಿತ್ತಲಿನ ಹಳೆಯ ಗಿಡಗಳ ಬುಡದ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ತಂದು, ಸಸಿಗೊಂದು ಹಿಡಿಯಂತೆ ಹಾಕಿದರು.

"ಇಷ್ಟು ಮಣ್ಣು ಏನ್ ಮಾಡೀತು ಆಪಾ?" ಎಂದೆ, ನೆರವಿಗೆ ಹೋಗಿದ್ದ ನೆರೆಮನೆಯ ನಾನು.

"ಹಾಲಿಗೆ ಹೆಪ್ಪು ಎಷ್ಟು ಹಾಕ್ತಾರೆ, ಬಿ.ಎಸ್ಸಿ. ಸಾಹೇಬ?"

ತಿಂಗಳು ಕಳೆಯುವಷ್ಟರಲ್ಲಿ ಸಸಿಗಳು ಹಸಿರಿಗೆ ತಿರುಗಿದವು. ನಮ್ಮ ವಂಶದಲ್ಲಿ ಮೊದಲು ಕಾಲೇಜು ಮುಗಿಸಿದವನು ನಾನು. ಹಮಾಲಿ ಮಾಡಿ ಕೊಂಡ ಭೂತಗನ್ನಡಿ ಸದಾ ಜೇಬಿನಲ್ಲಿರುತ್ತಿತ್ತು. ಒಂದು ಸಸಿಯ ಬುಡ ಬಿಡಿಸಿ ನೋಡಿದೆ. ಕೂದಲಿಗಿಂತ ನವಿರಾದ ಬಿಳಿ ಎಳೆಗಳು ಬೇರಿನಿಂದ ಮಣ್ಣಿನೊಳಕ್ಕೆ ಹಬ್ಬಿದ್ದವು. ಬೇರಿಗೆ ಮಣ್ಣಿನ ಸಾರ ಉಣಿಸುವ ಶಿಲೀಂಧ್ರವೆಂದು ಓದಿದ್ದೆ, ಹೀಗೆ ಬದುಕಿರುವುದನ್ನು ಕಂಡಿರಲಿಲ್ಲ. ಭೂತಗನ್ನಡಿಯನ್ನು ಆಪಾ ಕೈಗಿಟ್ಟೆ.

ಅವರು ಬಹಳ ಹೊತ್ತು ಬಗ್ಗಿ ನೋಡಿದರು.

"ಯಾ ಅಲ್ಲಾ! ಇಷ್ಟು ದಿನ ದುಡಿದೋರು ಇವರಾ?"

ಆಮೇಲೆ ಸೆರಗು ಚಾಚಿ ಆ ಬೇರಿಗೆ ನೆರಳು ಹಿಡಿದರು.

"ಜೀವ ಐತೆ ತಮ್ಮಾ, ಬೇಗ ಮುಚ್ಚು. ಬಿಸ್ಲು ತಾಗೀತು."